ಶೋಕೇಸಿನ ಶಂಖ, ಬೀಟ್‌ರೂಟ್ ವಿಷ

ಸಕಲೇಶಪುರದ ಕಡೆಯ ಮಕ್ಕಳಿಗೆ ಬಸವನಹುಳು ಹೊಸದಲ್ಲ. ಮಳೆ ಹಿಡಿದಾಗ ತೋಟದಲ್ಲಿ ಆಫ್ರಿಕನ್ ಹುಳುಗಳನ್ನು ಬಕೆಟ್‌ಗಟ್ಟಲೆ ಆರಿಸಿ ಉಪ್ಪು ಸುರಿದವರು. ಅಂಥವರ ಮುಂದೆ ‘ಕಡಲಲ್ಲೊಂದು ಬಸವನಹುಳು ಮೀನು ಬೇಟೆಯಾಡುತ್ತೆ, ಮನುಷ್ಯನನ್ನೂ ಕೊಂದಿದೆ’ ಅಂದರೆ ನಗದೆ ಇನ್ನೇನು ಮಾಡ್ತಾರೆ?

ಮಾತು ಬಂದಿದ್ದು ಎಂಟನೇ ತರಗತಿಯ ಹುಡುಗಿಯೊಬ್ಬಳು ಮನೆಯ ಶೋಕೇಸಿನಿಂದ ಶಂಖ ತಂದಾಗ. ಮುರುಡೇಶ್ವರ ಪ್ರವಾಸದಲ್ಲಿ ಕೊಂಡದ್ದಂತೆ. ಐಸ್‌ಕ್ರೀಮ್ ಕೋನಿನ ಆಕಾರ, ಉದ್ದಕ್ಕೂ ಸೀಳಿದಂಥ ಕಿರಿದಾದ ಬಾಯಿ, ಕಂದು ಮೈಮೇಲೆ ಸಾಲುಸಾಲು ಬಿಳಿ ಗುಡಾರಗಳು. ಕೋನಸ್ ಟೆಕ್ಸ್‌ಟೈಲ್, ಕೋನಸ್ ಎಂಬ ವಿಷದ ಕಡಲ ಬಸವನಹುಳುಗಳ ಬಳಗದ್ದು. ಮೀನು ಹಿಡಿಯುವುದು ಇದೇ ಬಳಗದ ಬೇರೆ ಜಾತಿಗಳು, ಇದು ಬೇರೆ ಬಸವನಹುಳುಗಳನ್ನೇ ತಿನ್ನುವ ಜಾತಿ ಅಂದೆ. ಹಿಂದಿನ ಬೆಂಚಿನಿಂದ, ‘ಹಂಗಾದ್ರೆ ನಮ್ ತೋಟಕ್ಕೆ ನಾಲ್ಕು ಬಿಡೋಣ ಸಾರ್!’ ಉಪ್ಪುನೀರು ಬಿಟ್ಟರೆ ಅದು ಬದುಕೋದಿಲ್ಲಪ್ಪ ಅಂತ ಸಮಾಧಾನ ಮಾಡಿದೆ.

ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿ, ಮೀನು ಹಿಡಿಯುವ ಜಾತಿ ವಿಷ ಚುಚ್ಚುವ ಬಗೆಯ ಮಾಡೆಲ್ ಮಾಡಲು ಕೂತೆ. ಬಲೂನು, ಎರಡು ಅಡಿ ಡ್ರಿಪ್ ಪೈಪು, ಖಾಲಿ ರಿಫಿಲ್, ಮೀನಿನ ಆಕಾರಕ್ಕೆ ಕತ್ತರಿಸಿದ ಸ್ಪಂಜು. ವಿಷಕ್ಕೆ ಬೀಟ್‌ರೂಟ್ ರಸ. ಮೊದಲು ನಾನೇ ತಪ್ಪಿದೆ. ರಸವನ್ನೆಲ್ಲ ಬಲೂನಿಗೆ ತುಂಬಿ ‘ಇದು ವಿಷದ ಚೀಲ’ ಅಂದುಬಿಟ್ಟಿದ್ದೆ. ರಾತ್ರಿ ಓದಿದಾಗ ಗೊತ್ತಾಯಿತು, ವಿಷ ತಯಾರಾಗುವುದು ಸುರುಳಿ ಸುತ್ತಿಕೊಂಡ ಆ ಉದ್ದನೆಯ ನಾಳದಲ್ಲಿ. ತುದಿಯ ಉಬ್ಬು ಬರೀ ಸ್ನಾಯುವಿನ ಪಂಪು. ಮರುದಿನ ರಸವನ್ನು ಪೈಪಿಗೆ ತುಂಬಿ, ಬಲೂನಿನಲ್ಲಿ ಗಾಳಿ ಮಾತ್ರ ಬಿಟ್ಟೆ.

ಎರಡನೆಯ ತೊಡಕು ರಿಫಿಲಿನ ಸೂಜಿಯದು. ಅಂಟು ಹಾಕಿ ಕೂರಿಸಿದ್ದನ್ನು ಕಿತ್ತೆ. ಈ ಹುಳುವಿಗೆ ಒಂದೊಂದು ಹಲ್ಲೂ ಟೊಳ್ಳಾದ ಈಟಿ, ಒಂದೇ ಬಾರಿಯ ಬಳಕೆಗೆ. ಹಲ್ಲಿನ ಚೀಲದಲ್ಲಿ ಇನ್ನಷ್ಟು ಕಾದಿರುತ್ತವೆ. ಒಂದು ಚುಚ್ಚಿದ ಮೇಲೆ ಇನ್ನೊಂದನ್ನು ಸೊಂಡಿಲಿನ ತುದಿಗೆ ತಂದುಕೊಳ್ಳುತ್ತದೆ. ಹಾಗಾಗಿ ರಿಫಿಲನ್ನು ಓರೆಯಾಗಿ ಕತ್ತರಿಸಿ ಆರು ಈಟಿ ಮಾಡಿ, ಒಂದೊಂದನ್ನೇ ಪೈಪಿನ ತುದಿಗೆ ಸಿಕ್ಕಿಸಿದೆವು. ಬಲೂನು ಅದುಮಿದ ತಕ್ಷಣ ಸ್ಪಂಜಿನ ಮೀನು ಕೆಂಪಾಯಿತು, ನನ್ನ ಅಂಗಿಯೂ. ನಗು ನಿಂತಿದ್ದು ಆಮೇಲೆ.

ಆಗ ಮಿಕ್ಕಿದ್ದನ್ನು ಹೇಳಿದೆ. ಈ ಬಳಗದಲ್ಲಿ ಮನುಷ್ಯರಿಗೆ ಹೆಚ್ಚು ಅಪಾಯಕಾರಿ ಕೋನಸ್ ಜಿಯೋಗ್ರಾಫಸ್. ಅದರ ವಿಷಕ್ಕೆ ಪ್ರತಿವಿಷ ಇಲ್ಲ, ಉಸಿರಾಟದ ಸ್ನಾಯು ನಿಂತರೆ ವಿಷ ಇಳಿಯುವವರೆಗೆ ಕೃತಕ ಉಸಿರೇ ಗತಿ. ಅದೇ ಹುಳು ಮೀನನ್ನು ಮಂಕಾಗಿಸಲು ಇನ್ಸುಲಿನ್ ಕೂಡ ಬಿಡುತ್ತದೆ ಅಂದಾಗ, ಅಜ್ಜಿಗೆ ಸಕ್ಕರೆ ಕಾಯಿಲೆ ಇರುವ ಹುಡುಗ ತಲೆಯೆತ್ತಿದ. ಕೋನಸ್ ಮೇಗಸ್‌ನ ವಿಷದಿಂದ ಹೊರಟ ಜಿಕೊನೊಟೈಡ್ ಎಂಬ ನೋವುನಿವಾರಕಕ್ಕೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹನಿಸಬೇಕು.

ಖಾಲಿ ಚಿಪ್ಪಿಗೆ ಭಯವಿಲ್ಲ, ಕಡಲತೀರದಲ್ಲಿ ಜೀವಂತ ಸಿಕ್ಕರೆ ಮಾತ್ರ ಮುಟ್ಟಬೇಡಿ ಎಂದೆ. ‘ದಪ್ಪ ತುದಿ ಹಿಡಿದರೆ ಏನೂ ಆಗಲ್ಲ’ ಎನ್ನುವ ಮಾತನ್ನು ನಂಬಬಾರದು. ಸೊಂಡಿಲು ಅಲ್ಲಿಗೂ ಬಾಗುತ್ತದೆ.

ಮಾಡೆಲಿನಲ್ಲಿ ಒಂದು ಕೊರತೆ ಉಳಿದಿದೆ. ನಿಜವಾದ ಹಲ್ಲಿಗೆ ಕೊಕ್ಕೆ ಇರುತ್ತದೆ, ಮೀನನ್ನು ಎಳೆದುಕೊಳ್ಳಲು. ನನ್ನ ರಿಫಿಲ್ ಸ್ಪಂಜಿನಿಂದ ಜಾರಿ ಬರುತ್ತದೆ. ಹೇಮಾವತಿಯಲ್ಲಿ ಗಾಳ ಹಾಕುವ ಹುಡುಗರಿಗೆ ಆ ಕೆಲಸ ವಹಿಸಿದ್ದೇನೆ.