ಸುರುಳಿ ಗೆಲಾಕ್ಸಿಗೆ ತೋಳು ಅಂಟಿಸಬೇಡಿ

ಪುಣೆ, ಮುಂಬೈಯ ಮಕ್ಕಳ ವಿಜ್ಞಾನ ಪ್ರದರ್ಶನಗಳಲ್ಲಿ ಸುರುಳಿ ಗೆಲಾಕ್ಸಿಯ, ಅಂದರೆ ಸುರುಳಿಯಾಕಾರದ ದೊಡ್ಡ ನಕ್ಷತ್ರಗುಂಪಿನ, ಈ ಮಾದರಿ ಇದ್ದೇ ಇರುತ್ತದೆ. ಥರ್ಮಾಕೋಲ್ ತಟ್ಟೆ, ಹತ್ತಿಯ ಎರಡು ತೋಳು, ಕೆಳಗೊಂದು ಮೋಟರ್. ನೋಡಲು ಚೆಂದ, ಆದರೆ ಪೂರ್ತಿ ತಪ್ಪು. ಗೆಲಾಕ್ಸಿ ತಟ್ಟೆಯ ಹಾಗೆ ಒಟ್ಟಿಗೆ ತಿರುಗುವುದಿಲ್ಲ. ಒಳಗಿನ ನಕ್ಷತ್ರಗಳು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವಕ್ಕೆ ಜಾಸ್ತಿ ಕಾಲ ಬೇಕು. ನಮ್ಮ ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ, ಹುಟ್ಟಿದಾಗಿನಿಂದ ಇಪ್ಪತ್ತು ಸುತ್ತು ಆಗಿರಬಹುದು. ತೋಳಿನಲ್ಲಿ ಯಾವಾಗಲೂ ಅವೇ ನಕ್ಷತ್ರಗಳಿದ್ದರೆ ಇಷ್ಟರಲ್ಲಿ ಅದು ಸುತ್ತಿ ಸುತ್ತಿ ಗುರುತೇ ಸಿಗುತ್ತಿರಲಿಲ್ಲ, ಅಲ್ವಾ?

ಅದಕ್ಕೇ ತೋಳು ಅಂಟಿಸಬೇಡಿ, ಅದು ತಾನಾಗಿ ಮೂಡಲಿ. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ದೊಡ್ಡ ಬಿಳಿ ಹಾಳೆ, ಗುಂಡುಪಿನ್ನು, ದಾರ, ಕೋನಮಾಪಕ ತನ್ನಿ. ಮಿನುಗುಪುಡಿಯ ರೆಡಿಮೇಡ್ ಕಿಟ್ ಸುಮ್ನೆ ದುಡ್ಡು ದಂಡ.

ಮೊದಲು 4 ಸೆಂ.ಮೀ. ಉದ್ದ, 3.2 ಸೆಂ.ಮೀ. ಅಗಲದ ದೀರ್ಘವೃತ್ತ ಬರೆಯಿರಿ. ಎರಡು ಪಿನ್ನು ಚುಚ್ಚಿ, ಅವಕ್ಕೆ ದಾರದ ಕುಣಿಕೆ ಹಾಕಿ, ಪೆನ್ಸಿಲಿನಿಂದ ಕುಣಿಕೆಯನ್ನು ಬಿಗಿಹಿಡಿದು ಸುತ್ತ ಎಳೆಯಿರಿ. ಪಿನ್ನುಗಳ ನಡುವೆ 2.4 ಸೆಂ.ಮೀ., ದಾರದ ಕುಣಿಕೆಯ ಸುತ್ತಳತೆ 6.4 ಸೆಂ.ಮೀ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಪ್ರತಿ ಹೊಸ ದೀರ್ಘವೃತ್ತವೂ ಹಿಂದಿನದಕ್ಕಿಂತ ಶೇ 8ರಷ್ಟು ದೊಡ್ಡದಿರಬೇಕು, 10 ಡಿಗ್ರಿ ತಿರುಗಿರಬೇಕು, ಅದೂ ಪ್ರತಿಸಲ ಒಂದೇ ದಿಕ್ಕಿಗೆ. ಕೇಂದ್ರ ಕದಲಬಾರದು. ತಿರುಗಿಸಲು ಮರೆತರೆ ಬರೀ ಬಳೆಗಳು. ದಿಕ್ಕು ಬದಲಾದರೆ ತೋಳು ಮುರಿಯುತ್ತದೆ. ತೀರಾ ಚಪ್ಪಟೆ ಮಾಡಿದರೆ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಇಪ್ಪತ್ತು ಬರೆಯಿರಿ, ಹೊರಗಿನದು 17 ಸೆಂ.ಮೀ. ದಾಟುತ್ತದೆ. ಕಂಪ್ಯೂಟರಿನಲ್ಲಿ ಇದು ಬೇಗ ಆಗುತ್ತದೆ, ಆದರೆ ಮೊದಲ ಐದಾರನ್ನು ಮಗು ಕೈಯಾರೆ ಬರೆಯಲೇಬೇಕು.

ಈಗ ಸ್ವಲ್ಪ ದೂರದಿಂದ ನೋಡಿ. ಯಾರೂ ಬರೆಯದ ಎರಡು ತೋಳು ಕಾಣುತ್ತವೆ! ಗೆರೆಗಳು ನಕ್ಷತ್ರಗಳ ದಾರಿ, ಅವು ಒತ್ತಾದ ಕಡೆ ತೋಳು. ಖಂಡಾಲಾ ಘಾಟಿಯಲ್ಲಿ ನಿಧಾನ ಹೋಗುವ ಲಾರಿಯ ಹಿಂದೆ ವಾಹನಗಳು ಜಮಾಯಿಸುತ್ತವೆ, ಒಂದೊಂದಾಗಿ ದಾಟಿಯೂ ಹೋಗುತ್ತವೆ, ಆದರೂ ಜಾಮ್ ಹಾಗೇ ಇರುತ್ತದೆ. ಹಾಗೆಯೇ ನಕ್ಷತ್ರಗಳು ತೋಳಿನೊಳಗೆ ಬಂದು ಹೋಗುತ್ತವೆ. ಹೀಗೆ ಒತ್ತಾಗುವುದೇ ಸಾಂದ್ರತೆಯ ಅಲೆ. ಈ ವಿವರಣೆಯನ್ನು ವಿಜ್ಞಾನಿಗಳಾದ ಸಿ. ಸಿ. ಲಿನ್ ಮತ್ತು ಫ್ರಾಂಕ್ ಶೂ 1964ರಲ್ಲಿ ಕೊಟ್ಟರು.

ಬಣ್ಣ ಹಚ್ಚುವುದು ಸುಲಭ: ನಡುವೆ ಹಳದಿ, ತೋಳಿಗೆ ನೀಲಿ. ಅಲ್ಲಿ ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ದೊಡ್ಡ ನೀಲಿ ನಕ್ಷತ್ರಗಳು ತೋಳು ದಾಟುವ ಮೊದಲೇ ಉರಿದು ಮುಗಿಯುತ್ತವೆ, ಅದಕ್ಕೇ ತೋಳಿಗೆ ಅಷ್ಟು ಹೊಳಪು. ತೋಳುಗಳ ನಡುವಿನ ಜಾಗವನ್ನು ಕಪ್ಪು ಮಾಡಬೇಡಿ, ಅಲ್ಲೂ ನಕ್ಷತ್ರಗಳಿವೆ.

ಎಲ್ಲ ಸುರುಳಿಗಳೂ ಹೀಗೇ ಆಗುವುದಿಲ್ಲ. ಕೆಲವುಗಳ ತೋಳುಗಳು ತುಂಡು ತುಂಡು. ಎಂ51 ಎಂಬ ಸುರುಳಿ ಗೆಲಾಕ್ಸಿಯ ತೋಳುಗಳಿಗೆ ಪಕ್ಕದ ಚಿಕ್ಕ ಗೆಲಾಕ್ಸಿಯ ಸೆಳೆತವೂ ಕಾರಣ. ನೀವು ಎಂ51 ಅಂತ ಹೆಸರು ಹಾಕುವುದಾದರೆ, ಒಂದು ತೋಳಿನ ತುದಿಗೆ ಆ ಚಿಕ್ಕದನ್ನೂ ಬರೆಯಿರಿ.