ಲ್ಯಾಪ್‌ಟಾಪ್ ಬೂಟ್ ಆಗುತ್ತಿಲ್ಲವೇ? ದೋಷ ವಿಂಡೋಸ್‌ನದೋ ಡಿಸ್ಕ್‌ನದೋ ಎಂದು ಪತ್ತೆ ಹಚ್ಚುವ ಬಗೆ

ಲ್ಯಾಪ್‌ಟಾಪ್ ಬೂಟ್ ಆಗದೆ ನಿಂತಾಗ ಬಹಳಷ್ಟು ಮಂದಿ ಮಾಡುವ ಮೊದಲ ಕೆಲಸವೆಂದರೆ ವಿಂಡೋಸ್ ಅನ್ನು ಹೊಸದಾಗಿ ಹಾಕಿಸುವುದು, ಇಲ್ಲವೇ ಯಾರೋ ಹೇಳಿಕೊಟ್ಟ, ಡಿಸ್ಕ್‌ನ ದೋಷಗಳನ್ನು ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಆದೇಶವನ್ನು ಕೊಟ್ಟು ರಾತ್ರಿಯಿಡೀ ಬಿಟ್ಟುಬಿಡುವುದು. ಡಿಸ್ಕ್ ಕೊನೆಯ ದಿನಗಳನ್ನು ಎಣಿಸುತ್ತಿದ್ದರೆ ಈ ಎರಡೂ ಕೆಲಸಗಳು ಅದರ ಉಳಿದ ಆಯುಷ್ಯವನ್ನು ತಿಂದುಹಾಕುತ್ತವೆ. ಒಳಗಿದ್ದ ಫೋಟೊ, ದಾಖಲೆಗಳೂ ಅದರೊಂದಿಗೇ ಹೋಗುತ್ತವೆ. ಇನ್ನೊಂದು ಕಡೆ, ಕೆಟ್ಟ ಅಪ್‌ಡೇಟ್ ಒಂದರಿಂದ ನಿಂತುಹೋದ ಯಂತ್ರಕ್ಕೆ ಗಟ್ಟಿಮುಟ್ಟಾದ ಡಿಸ್ಕನ್ನೇ ತೆಗೆಸಿ ಹೊಸದನ್ನು ಹಾಕಿಸಿಕೊಂಡವರನ್ನೂ ನೋಡಿದ್ದೇನೆ. ರಿಪೇರಿಗೆ ಕೈಹಾಕುವ ಮೊದಲು ಪರೀಕ್ಷೆ ಆಗಬೇಕು, ಮತ್ತು ಆ ಪರೀಕ್ಷೆ ಡಿಸ್ಕ್‌ನ ಮೇಲೆ ಏನನ್ನೂ ಬರೆಯದೆ, ಓದುವುದರಿಂದಲೇ ಆಗಬೇಕು. ಈ ಲೇಖನದ ಎಲ್ಲ ಹಂತಗಳೂ ಇದೇ ನಿಯಮಕ್ಕೆ ಬದ್ಧವಾಗಿವೆ.

ಮೊದಲಿಗೆ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಪ್ರಿಂಟರ್ ಎಲ್ಲವನ್ನೂ ಕಿತ್ತು, ಚಾರ್ಜರ್ ಬಿಚ್ಚಿ, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾಲನೆ ಮಾಡಿ ನೋಡಿ.

ಯಾವ ಘಟ್ಟದಲ್ಲಿ ನಿಂತಿತು?

ಪವರ್ ಬಟನ್ ಒತ್ತಿದ ಮೇಲೆ ಮದರ್‌ಬೋರ್ಡ್‌ನಲ್ಲಿರುವ ಆರಂಭದ ತಂತ್ರಾಂಶವಾದ ಬಯೋಸ್, ಅಂದರೆ ಈಗಿನ ಯಂತ್ರಗಳ ಯುಇಎಫ್‌ಐ, ಮೊದಲು ಪ್ರೊಸೆಸರ್ ಮತ್ತು ರ‍್ಯಾಮ್ ಅನ್ನು ಪರೀಕ್ಷಿಸುತ್ತದೆ. ಆಮೇಲೆ ಡಿಸ್ಕನ್ನು ಹುಡುಕಿ, ಅದರಲ್ಲಿರುವ ಬೂಟ್ ಮ್ಯಾನೇಜರ್‌ಗೆ ಕೆಲಸ ಒಪ್ಪಿಸುತ್ತದೆ. ವಿಂಡೋಸ್ ಬರುವುದು ಅದರ ನಂತರ. ಡಿಸ್ಕ್ ಇಲ್ಲದ ಲ್ಯಾಪ್‌ಟಾಪ್ ಕೂಡ ಕಂಪನಿಯ ಲಾಂಛನವನ್ನು ತೋರಿಸಬಲ್ಲದು. ಹೀಗಾಗಿ ಫ್ಯಾನ್ ತಿರುಗುತ್ತಿದ್ದರೂ ಪರದೆಯಲ್ಲಿ ಲಾಂಛನವೇ ಮೂಡದಿದ್ದರೆ ಸಂಶಯ ಹೋಗಬೇಕಾದದ್ದು ರ‍್ಯಾಮ್, ಪರದೆ, ಮದರ್‌ಬೋರ್ಡ್‌ಗಳ ಕಡೆಗೆ. ಅಂಥ ಯಂತ್ರಕ್ಕೆ ವಿಂಡೋಸ್ ಹಾಕಿಸುವುದು ದುಡ್ಡು ದಂಡ.

ಲಾಂಛನ ಬಂದು, ನಂತರ ‘ನೋ ಬೂಟಬಲ್ ಡಿವೈಸ್’ ಎಂದೋ ‘ಬೂಟ್ ಡಿವೈಸ್ ನಾಟ್ ಫೌಂಡ್’ ಎಂದೋ ಬಂದರೆ ಎರಡು ಅರ್ಥಗಳಿವೆ: ಡಿಸ್ಕೇ ಕಾಣಿಸುತ್ತಿಲ್ಲ, ಅಥವಾ ಡಿಸ್ಕ್ ಇದೆ ಆದರೆ ಬೂಟ್ ಕಡತಗಳು ಹಾಳಾಗಿವೆ. ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತಲೇ ಇದ್ದರೂ ದೋಷ ವಿಂಡೋಸ್‌ನದೋ ಡಿಸ್ಕ್‌ನದೋ ಎಂಬ ಎರಡು ಸಾಧ್ಯತೆಗಳು ಉಳಿದೇ ಇರುತ್ತವೆ. ನೀಲಿ ಪರದೆ ಬಂದರೆ ಅದರ ಕೆಳಗಿನ ಹೆಸರಿನ ಫೋಟೊವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಹೆಸರು ಕೇಳಲು ಡಿಸ್ಕ್ ಸತ್ತಂತೆಯೇ ಇದ್ದರೂ ಬಹಳ ಸಲ ಅದರ ಹಿಂದಿರುವುದು ಡ್ರೈವರ್ ಅಥವಾ ಬಯೋಸ್ ಸೆಟ್ಟಿಂಗ್ ಬದಲಾವಣೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಆ ತೊಂದರೆಗೂ ಡಿಸ್ಕ್‌ಗೂ ಯಾವ ಸಂಬಂಧವೂ ಇರಲಿಲ್ಲ. ನೀಲಿ ಪರದೆ ಕಂಡಕೂಡಲೇ ಡಿಸ್ಕ್ ಹೋಯಿತು ಎನ್ನುವವರ ಮಾತನ್ನು ನಂಬಬೇಡಿ.

ಬಯೋಸ್‌ನಲ್ಲಿ ಡಿಸ್ಕ್ ಕಾಣುತ್ತಿದೆಯೇ?

ಯಂತ್ರ ಚಾಲನೆಯಾಗುತ್ತಿದ್ದಂತೆ ಎಫ್2, ಎಫ್10 ಅಥವಾ ಡಿಲೀಟ್ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಾ ಬಯೋಸ್ ಒಳಗೆ ಹೋಗಿ, ಡಿಸ್ಕ್‌ನ ಮಾದರಿ ಸಂಖ್ಯೆ ಮತ್ತು ಗಾತ್ರ ಸರಿಯಾಗಿವೆಯೇ ನೋಡಿ. ಕಾಣದಿದ್ದರೆ, ಅಥವಾ ಒಮ್ಮೆ ಕಂಡು ಇನ್ನೊಮ್ಮೆ ಮಾಯವಾಗುತ್ತಿದ್ದರೆ, ದೋಷ ಯಂತ್ರಾಂಶದ್ದೇ. ಆದರೆ ಅದು ಡಿಸ್ಕ್ ಆಗಿರಬಹುದು, ಡಿಸ್ಕನ್ನು ಜೋಡಿಸುವ ಕೇಬಲ್ ಅಥವಾ ಕನೆಕ್ಟರ್ ಆಗಿರಬಹುದು. ಕೆಳಗೆ ಬಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಕನೆಕ್ಟರ್ ಸಡಿಲವಾಗಿರುವುದು ಸಾಮಾನ್ಯ. ಹಿಂಬದಿ ಮುಚ್ಚಳ ಬಿಚ್ಚುವ ಅಭ್ಯಾಸವಿದ್ದರೆ, ಬ್ಯಾಟರಿಯ ಸಂಪರ್ಕ ತೆಗೆದು, ಡಿಸ್ಕನ್ನು ಒಮ್ಮೆ ಹೊರತೆಗೆದು ಮತ್ತೆ ಕೂರಿಸಿ ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಇದೇ ಜಾಗದಲ್ಲಿ, ಡಿಸ್ಕ್ ಜೊತೆ ಯಂತ್ರ ಮಾತಾಡುವ ಬಗೆಯನ್ನು ನಿರ್ಧರಿಸುವ ಸ್ಟೋರೇಜ್ ಅಥವಾ ಸಾಟಾ ಮೋಡ್ ಎಂಬ ಆಯ್ಕೆಯನ್ನೂ ಗಮನಿಸಬೇಕು. ಬಯೋಸ್ ಅಪ್‌ಡೇಟ್ ಆದ ಮೇಲೋ, ಮದರ್‌ಬೋರ್ಡ್‌ನ ಸಣ್ಣ ಬಟನ್ ಬ್ಯಾಟರಿ ಸತ್ತು ಸೆಟ್ಟಿಂಗ್‌ಗಳು ಅಳಿಸಿಹೋದ ಮೇಲೋ ಅದು ರೇಡ್‌ನಿಂದ ಎಎಚ್‌ಸಿಐಗೆ, ಅಥವಾ ತಿರುಗಾಮುರುಗಾ, ಬದಲಾಗಿದ್ದರೆ ಯಾವ ದೋಷವೂ ಇಲ್ಲದ ವಿಂಡೋಸ್, ಯಾವ ದೋಷವೂ ಇಲ್ಲದ ಡಿಸ್ಕ್‌ನಿಂದ ಬೂಟ್ ಆಗುವುದಿಲ್ಲ. ಹಿಂದಿದ್ದಂತೆ ಬದಲಿಸಿದರೆ ಸಾಕು. ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲ್ತಿಯಲ್ಲಿರುವ ಯಂತ್ರದಲ್ಲಿ ಬಯೋಸ್ ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಗಳ ರಿಕವರಿ ಕೀಲಿಯನ್ನು ಅದು ಕೇಳಬಹುದು. ಬಹುತೇಕ ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊದಲು ಅದನ್ನು ಬರೆದಿಟ್ಟುಕೊಂಡು ಮುಂದುವರಿಯಿರಿ.

ಹೊರಗಿನಿಂದ ಬೂಟ್ ಮಾಡಿ, ಒಳಗಿನ ಡಿಸ್ಕನ್ನು ಓದಿ

ಬಹುತೇಕರು ಎಡವುವುದು ಇಲ್ಲಿ, ಅಥವಾ ಈ ಹಂತವನ್ನೇ ಹಾರಿಸಿಬಿಡುತ್ತಾರೆ. ಡಿಸ್ಕ್ ಮತ್ತು ವಿಂಡೋಸ್ ಒಂದಕ್ಕೊಂದು ಅಂಟಿಕೊಂಡಿರುವವರೆಗೆ ಯಾವುದರ ತಪ್ಪು ಎಂದು ಹೇಳಲಾಗದು. ಪೆನ್ ಡ್ರೈವ್‌ನಿಂದ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬೂಟ್ ಮಾಡಿದರೆ ವಿಂಡೋಸ್ ಪಕ್ಕಕ್ಕೆ ಸರಿಯುತ್ತದೆ, ಡಿಸ್ಕನ್ನು ಪ್ರತ್ಯೇಕವಾಗಿ ವಿಚಾರಿಸಬಹುದು.

ಇನ್ನೊಂದು ಕಂಪ್ಯೂಟರ್‌ನಲ್ಲಿ, ಉಚಿತ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟುವಿನ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆ ಅಡಕವಾಗಿರುವ ಒಂದೇ ಕಡತ) ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ತಂತ್ರಾಂಶದ ಮೂಲಕ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್ ಡ್ರೈವ್‌ಗೆ ಬರೆಯಿರಿ. ಪೆನ್ ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್‌ಗೆ ಅದನ್ನು ಸಿಕ್ಕಿಸಿ ಬೂಟ್ ಮೆನು ತೆರೆಯಿರಿ: ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಲಿ. ಉಬುಂಟು ಬಂದಾಗ ‘ಟ್ರೈ’ ಎಂಬುದನ್ನೇ ಆರಿಸಿ. ‘ಇನ್‌ಸ್ಟಾಲ್’ ಕಡೆಗೆ ಕೈ ಹೋಗಲೇಬಾರದು.

ಉಬುಂಟು ತೆರೆದುಕೊಂಡು ಹತ್ತಿಪ್ಪತ್ತು ನಿಮಿಷ ಸರಾಗವಾಗಿ ನಡೆದರೆ ಪ್ರೊಸೆಸರ್, ರ‍್ಯಾಮ್, ಪರದೆಗಳ ಮೇಲಿನ ಸಂಶಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಈಗ ‘ಡಿಸ್ಕ್ಸ್’ ಎಂಬ ಆ್ಯಪ್ ತೆರೆದು, ಎಡಗಡೆಯ ಪಟ್ಟಿಯಲ್ಲಿ ಒಳಗಿನ ಡಿಸ್ಕನ್ನು ಆರಿಸಿ, ಮೆನುವಿನಿಂದ ಸ್ಮಾರ್ಟ್ ಮಾಹಿತಿಯನ್ನು ತೆರೆಯಿರಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ಇದು. ಬಿಟ್‌ಲಾಕರ್ ಇದ್ದರೂ ಇದನ್ನು ಓದಲು ಯಾವ ಕೀಲಿಯೂ ಬೇಕಿಲ್ಲ. ಎನ್‌ವಿಎಂಇ ಡಿಸ್ಕ್‌ಗೆ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ) ಈ ಆಯ್ಕೆ ಮಸುಕಾಗಿದ್ದರೆ, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಪಕರಣವನ್ನು ಹಾಕಿಕೊಂಡು ನೋಡಬೇಕಾಗುತ್ತದೆ.

ಮೇಲ್ಗಡೆ ‘ಡಿಸ್ಕ್ ಈಸ್ ಓಕೆ’ ಎಂದೋ ‘ಪಾಸ್ಡ್’ ಎಂದೋ ಇರುತ್ತದೆ. ಅಷ್ಟನ್ನು ಓದಿ ಕಿಟಕಿ ಮುಚ್ಚುವವರೇ ಹೆಚ್ಚು. ತಯಾರಕರು ಹಾಕಿಕೊಂಡ ಮಿತಿಯನ್ನು ಯಾವುದಾದರೂ ಒಂದು ಅಂಶ ದಾಟಿದಾಗ ಮಾತ್ರ ಆ ತೀರ್ಪು ಬದಲಾಗುತ್ತದೆ, ಮತ್ತು ಆ ಮಿತಿಗಳು ಬಹಳ ಉದಾರವಾಗಿರುತ್ತವೆ. ನೂರಾರು ಸೆಕ್ಟರ್‌ಗಳನ್ನು, ಅಂದರೆ ಡೇಟಾ ಇಡುವ ಪುಟ್ಟ ತುಂಡುಗಳನ್ನು, ಓದಲಾಗದ ಡಿಸ್ಕ್‌ಗಳೂ ‘ಪಾಸ್ಡ್’ ಎಂದೇ ಹೇಳಿಕೊಳ್ಳುತ್ತವೆ. ಕೆಳಗಿನ ಸಾಲುಗಳ ಕಚ್ಚಾ ಮೌಲ್ಯಗಳನ್ನು ನೋಡಬೇಕು. 197ನೇ ಸಾಲು ಓದಲಾಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳ ಲೆಕ್ಕ, 198 ಸರಿಪಡಿಸಲಾಗದವುಗಳ ಲೆಕ್ಕ, 5 ಈಗಾಗಲೇ ಕೆಟ್ಟು ಮೀಸಲು ಜಾಗಕ್ಕೆ ಸ್ಥಳಾಂತರಗೊಂಡವುಗಳ ಲೆಕ್ಕ, 187 ಡಿಸ್ಕ್ ಸರಿಪಡಿಸಲಾರದೆ ಕೈಚೆಲ್ಲಿದ ದೋಷಗಳ ಲೆಕ್ಕ. 197 ಅಥವಾ 198 ಸೊನ್ನೆಗಿಂತ ಹೆಚ್ಚಿದ್ದರೆ ಬೇರೆ ಏನನ್ನೂ ಮಾಡದೆ ಕಡತಗಳನ್ನು ನಕಲು ಮಾಡಿಕೊಳ್ಳಲು ಶುರು ಮಾಡಿ. 5ನೇ ಸಾಲಿನಲ್ಲಿ ಪುಟ್ಟ ಸಂಖ್ಯೆಯಿದ್ದು ಏರದೆ ನಿಂತಿದ್ದರೆ ಇನ್ನೂ ಬಳಸಬಹುದು ಎನ್ನುವವರಿದ್ದಾರೆ. ಅಂಥ ಡಿಸ್ಕ್‌ನಲ್ಲಿ ನಾನಂತೂ ಮುಖ್ಯವಾದ ಒಂದು ಕಡತವನ್ನೂ ಇಡುವುದಿಲ್ಲ, ನೀವೂ ಇಡಬಾರದು. 199ನೇ ಸಾಲು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡು ಗಾಬರಿಯಾಗಬೇಡಿ, ಆ ಕಂಪನಿ ಅಲ್ಲಿ ದೋಷಗಳ ಜೊತೆಗೆ ಒಟ್ಟು ಕಾರ್ಯಗಳ ಎಣಿಕೆಯನ್ನೂ ಸೇರಿಸಿ ಬರೆಯುತ್ತದೆ.

ಡಿಸ್ಕನ್ನು ತೆಗೆದು ಬೇರೆ ವಿಂಡೋಸ್ ಯಂತ್ರಕ್ಕೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡುವವರು ಒಂದು ವಿಷಯ ನೆನಪಿಡಬೇಕು: ಅದು ಸಾಲಿನ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಬರೆಯುತ್ತದೆ. ಅಲ್ಲಿ ಸಿ5 ಎಂದರೆ 197, ಸಿ6 ಎಂದರೆ 198.

ಎನ್‌ವಿಎಂಇ ಎಸ್‌ಎಸ್‌ಡಿಯ ದಾಖಲೆ ಬೇರೆ ಬಗೆಯದು. ಅದರಲ್ಲಿ ‘ಕ್ರಿಟಿಕಲ್ ವಾರ್ನಿಂಗ್’ ಮತ್ತು ‘ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸೊನ್ನೆಯಾಗಿರಬೇಕು. ಬಳಕೆಯ ಶೇಕಡಾವಾರು 100 ದಾಟಿದ್ದರೆ ತಯಾರಕರು ಅಂದಾಜಿಸಿದ ಬರವಣಿಗೆಯ ಆಯುಷ್ಯ ಮುಗಿದಿದೆ ಎಂದರ್ಥವೇ ಹೊರತು ಡಿಸ್ಕ್ ಸತ್ತಿದೆ ಎಂದಲ್ಲ. ಆದರೆ ಎಸ್‌ಎಸ್‌ಡಿಗಳು ಹಾರ್ಡ್ ಡಿಸ್ಕ್‌ಗಳಂತೆ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಕಂಟ್ರೋಲರ್ ಕೆಟ್ಟರೆ ಒಂದೇ ಏಟಿಗೆ ಬಯೋಸ್‌ನಿಂದಲೇ ಕಾಣೆಯಾಗುತ್ತವೆ. ಸ್ಮಾರ್ಟ್ ಶುದ್ಧವಾಗಿದೆ ಎಂದು ಬ್ಯಾಕಪ್ ಮುಂದೂಡಬೇಡಿ.

ದಾಖಲೆ ಓದಿಯಾದ ಮೇಲೆ ನಿಜವಾದ ಓದಿನ ಪರೀಕ್ಷೆ. ‘ಡಿಸ್ಕ್ಸ್’ ಆ್ಯಪ್‌ನಲ್ಲಿಯೇ ಬೆಂಚ್‌ಮಾರ್ಕ್ ಆಯ್ಕೆಯಿದೆ. ಅದನ್ನು ಶುರು ಮಾಡುವ ಮೊದಲು ಬರವಣಿಗೆಯ ಪರೀಕ್ಷೆಯ ಗುರುತನ್ನು ತಪ್ಪದೆ ತೆಗೆದುಹಾಕಿ. ಹಾರ್ಡ್ ಡಿಸ್ಕ್‌ನಲ್ಲಿ ಓದುವ ವೇಗ ಹೊರ ಅಂಚಿನಿಂದ ಒಳಕ್ಕೆ ಸಾಗಿದಂತೆ ಸುಮಾರು ಅರ್ಧಕ್ಕೆ ಇಳಿಯುವುದು ಸಹಜ, ಗೆರೆ ನುಣುಪಾಗಿ ಇಳಿಜಾರಾಗಿರುತ್ತದೆ. ಕೆಟ್ಟ ಡಿಸ್ಕ್‌ನಲ್ಲಿ ಆ ಗೆರೆ ನಡುನಡುವೆ ನೆಲಕ್ಕೆ ಕುಸಿಯುತ್ತದೆ, ಕೆಲವೊಮ್ಮೆ ಪರೀಕ್ಷೆಯೇ ಅಲ್ಲಿ ನಿಂತುಬಿಡುತ್ತದೆ. ಅದೇ ಹೊತ್ತಿಗೆ ಟರ್ಮಿನಲ್‌ನಲ್ಲಿ ಕರ್ನಲ್ ದಾಖಲೆಯನ್ನು (ವ್ಯವಸ್ಥೆಯ ತಿರುಳು ಬರೆಯುವ ಸಂದೇಶಗಳನ್ನು) ತೆರೆದಿಟ್ಟರೆ ಸೆಕ್ಟರ್ ಸಂಖ್ಯೆಯ ಸಮೇತ ‘ಐಓ ಎರರ್’ ಎಂಬ ಸಾಲುಗಳು ಒಂದರ ಹಿಂದೊಂದು ಬೀಳುವುದು ಕಾಣುತ್ತದೆ. ಇವು ಕಂಡ ಮೇಲೆ ವಿಂಡೋಸ್ ಅನ್ನು ದೂರುವಂತಿಲ್ಲ.

ಡಿಸ್ಕ್ ಶುದ್ಧವಾಗಿದ್ದರೆ

ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಂಡ ಮೇಲೆ ವಿಂಡೋಸ್ ರಿಪೇರಿಗೆ ಹೋಗಿ. ವಿಂಡೋಸ್ ವಿಭಾಗವನ್ನು ತೆರೆಯಲು ಉಬುಂಟು ಒಪ್ಪದಿದ್ದರೆ ಅದು ಫಾಸ್ಟ್ ಸ್ಟಾರ್ಟ್‌ಅಪ್‌ನಿಂದ (ಬೇಗ ತೆರೆಯಲೆಂದು ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದಿರುವ ವ್ಯವಸ್ಥೆ) ಅರೆನಿದ್ರೆಯಲ್ಲಿರಬಹುದು. ಓದಲು ಮಾತ್ರ ತೆರೆಯಿರಿ, ಬಲವಂತ ಬೇಡ. ಸತತವಾಗಿ ಎರಡು ಸಲ ಬೂಟ್ ವಿಫಲವಾದರೆ ವಿಂಡೋಸ್ ತಾನಾಗಿಯೇ ರಿಕವರಿ ಪರದೆಗೆ ಹೋಗುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ರಿಪೇರ್, ಆಮೇಲೆ ಇತ್ತೀಚಿನ ಅಪ್‌ಡೇಟ್ ತೆಗೆಯುವುದು, ಆಮೇಲೆ ಸೇಫ್ ಮೋಡ್, ಸಿಸ್ಟಮ್ ರಿಸ್ಟೋರ್, ಕಟ್ಟಕಡೆಗೆ ಮರುಸ್ಥಾಪನೆ: ಈ ಕ್ರಮವನ್ನು ಬದಲಿಸಬೇಡಿ. ‘ಒಂದೇ ಕ್ಲಿಕ್‌ನಲ್ಲಿ ಪಿಸಿ ರಿಪೇರಿ’ ಎಂದು ಮಾರುವ ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್‌ಗಳಿಂದ ಬೂಟ್ ಸಮಸ್ಯೆ ಬಗೆಹರಿಯುವುದಿಲ್ಲ; ಹೊಸ ಸಮಸ್ಯೆಗಳು ಹುಟ್ಟುವುದೇ ಹೆಚ್ಚು.

ಡಿಸ್ಕ್ ಕೆಟ್ಟಿದ್ದರೆ

ಮೊದಲು ಮುಖ್ಯ ಕಡತಗಳು, ಆಮೇಲೆ ಉಳಿದವು. ಡಿಸ್ಕ್ ತೀರಾ ಹದಗೆಟ್ಟಿದ್ದರೆ ಒಂದೊಂದೇ ಕಡತವನ್ನು ಎಳೆಯುವ ಬದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದಕ್ಕೆ ನಕಲು ಮಾಡಬೇಕು. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಓದಿಯಾಯಿತೆಂದು ಬರೆದಿಡುವ ಮ್ಯಾಪ್ ಕಡತದ ಹೆಸರನ್ನೂ ಕೊಟ್ಟಿದ್ದರೆ ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮೂಲ ಮತ್ತು ಗುರಿಯ ಹೆಸರುಗಳನ್ನು ಅದಲುಬದಲು ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ, ಹಾಗಾಗಿ ಎಂಟರ್ ಒತ್ತುವ ಮೊದಲು ಗಾತ್ರವನ್ನು ನೋಡಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಚೆಕ್‌ಡಿಸ್ಕ್ ಬೇಕೇ ಬೇಕೆಂದಿದ್ದರೆ ಅದು ಈ ನಕಲಿನ ಮೇಲೆ ನಡೆಯಲಿ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುವ ಹಾರ್ಡ್ ಡಿಸ್ಕನ್ನು ಮಾತ್ರ ಆ ಕ್ಷಣವೇ ಆಫ್ ಮಾಡಿ, ಡೇಟಾ ರಿಕವರಿ ಮಾಡುವ ಪರಿಣತರಿಗೆ ಒಪ್ಪಿಸಿ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಒಳಗೆ ತೇವ ಕಟ್ಟಿ ಉಳಿದದ್ದೂ ಹಾಳಾಗುತ್ತದೆ.

ಡಿಸ್ಕ್ ಶುದ್ಧವಿದ್ದು, ಹೊಸದಾಗಿ ಹಾಕಿದ ವಿಂಡೋಸ್ ಕೂಡ ದಿನಕ್ಕೊಂದು ಬಗೆಯ ನೀಲಿ ಪರದೆ ತೋರಿಸುತ್ತಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಕನಿಷ್ಠ ಒಂದು ಪೂರ್ಣ ಸುತ್ತು ಮುಗಿಯುವವರೆಗೆ ಬಿಡಿ. ಒಂದೇ ಒಂದು ದೋಷ ಕಂಡರೂ ರ‍್ಯಾಮ್ ಬದಲಿಸುವವರೆಗೆ ಏನನ್ನೂ ಮರುಸ್ಥಾಪಿಸಬೇಡಿ, ಏಕೆಂದರೆ ಕೆಟ್ಟ ರ‍್ಯಾಮ್ ಮೂಲಕ ಹಾದುಹೋಗುವ ಹೊಸ ಕಡತಗಳೂ ಕೆಟ್ಟೇ ಡಿಸ್ಕ್ ಸೇರಬಹುದು.