ರಿಪೋರ್ಟಿಗಿಂತ ಮೊದಲು ಟಾರ್ಚ್: ರಕ್ತದ ವಾರ್ಡಿನಲ್ಲಿ ನನ್ನ ಅನುಭವ

"ಬೆಳಿಗ್ಗೆ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಬಂದೇ ಬರುತ್ತೆ. ರಾತ್ರಿ ಎಲ್ಲರ ಬಾಯಿಗೂ ಟಾರ್ಚ್ ಬಿಟ್ಟು ಏನು ಹುಡುಕ್ತೀರಿ ಸಿಸ್ಟರ್?" ಡ್ಯೂಟಿ ಡಾಕ್ಟರ್ ಹೀಗೆ ಕೇಳಿದ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಅಂತೂ ಇದೇನು ಹಲ್ಲಿನ ಕ್ಲಿನಿಕ್ಕಾ ಅಂದುಬಿಟ್ಟರು. ಎರಡು ವರ್ಷ ಕಳೆದ ಮೇಲೆ ಈಗ ಟಾರ್ಚ್ ಬಿಟ್ಟು ಕಂಡ ರಕ್ತಸ್ರಾವದ ಗುರುತುಗಳನ್ನು ಬರೆದಿಡುವ ನನ್ನ ಹಾಳೆ ನಮ್ಮ ವಾರ್ಡಿನ ಪ್ರತಿ ಮಂಚಕ್ಕೂ ನೇತು ಬಿದ್ದಿದೆ. ಬರೆಯಲು ಕಾರಣ ಅದೇ. ಸ್ವಲ್ಪ ಜಂಬವೂ ಇದೆ, ಇರಲಿ ಬಿಡಿ.

ಶುರುವಾಗಿದ್ದು ನನ್ನದೇ ತಪ್ಪಿನಿಂದ. ಐಟಿಪಿ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಮೈಯೇ ನಾಶ ಮಾಡುವ ಕಾಯಿಲೆ ಇದ್ದ ಒಬ್ಬ ಹುಡುಗಿ. ಶಿಫ್ಟ್ ಬದಲಾಗುವಾಗ ಬರೆಯುವ ಹ್ಯಾಂಡೋವರಿನಲ್ಲಿ ದಿನಾ ಒಂದೇ ಸಾಲು, "ಕಾಲಿನಲ್ಲಿ ಪೆಟೀಕಿಯೆ (ಚರ್ಮದಡಿ ರಕ್ತ ಸೋರಿದ ಸಣ್ಣ ಚುಕ್ಕೆ) ಇದೆ". ಮೂರು ರಾತ್ರಿ ನಾನೂ ಹಿಂದಿನ ಶಿಫ್ಟಿನ ಸಾಲನ್ನೇ ನಕಲು ಮಾಡಿದೆ. ಹೊದಿಕೆ ಎತ್ತಿ ನೋಡಲಿಲ್ಲ. ನಾಲ್ಕನೇ ದಿನ ಮೂಗಿನಿಂದ ರಕ್ತ ಸುರಿದು, ನಿಲ್ಲಿಸುವಷ್ಟರಲ್ಲಿ ಎರಡು ಟವೆಲ್ ಒದ್ದೆ. ಆಮೇಲೆ ಬಾಯಿ ನೋಡಿದರೆ ಕೆನ್ನೆಯ ಒಳಗೆ ಕಪ್ಪು ದ್ರಾಕ್ಷಿಯ ಹಾಗೆ ರಕ್ತದ ಗುಳ್ಳೆಗಳು. "ಇದು ನಿನ್ನೆಯಿಂದ ಇದೆ ಸಿಸ್ಟರ್, ಯಾರೂ ಕೇಳಲಿಲ್ಲ" ಅಂದಳು. ಆ ಮಾತು ಈಗಲೂ ಚುಚ್ಚುತ್ತದೆ.

ಬರೀ ಚರ್ಮದ ಚುಕ್ಕೆಗಿಂತ ಬಾಯೊಳಗಿನ ಒದ್ದೆ ರಕ್ತ ಹೆಚ್ಚು ಅಪಾಯದ ಸೂಚನೆ. ಗೊತ್ತಿದ್ದೂ ನಾವು ನರ್ಸುಗಳು ನೋಡುವುದಿಲ್ಲ. ಪರದೆ ಮೇಲೆ ಸಂಖ್ಯೆ ಇದೆಯಲ್ಲ ಅಂತ ಸುಮ್ನೆ ಇರುತ್ತೇವೆ.

ಮೊದಲು ಮಾಡಿದ್ದು ಪೆನ್ನಿನ ಕೆಲಸ. ಬಾವು, ಕಂದು ಕಲೆ ಎಲ್ಲದರ ಸುತ್ತ ಚರ್ಮದ ಮೇಲೇ ಗೆರೆ ಎಳೆದೆ. ಒಂದು ಸ್ನಾನಕ್ಕೆ ಅರ್ಧ ಹೋಯಿತು. ಉಳಿದ ಅರ್ಧ ನೋಡಿ ಒಬ್ಬ ಅಜ್ಜಿ ಗಾಬರಿಯಾಗಿ, ನನ್ನನ್ನು ಎಲ್ಲೆಲ್ಲಿ ಕೊಯ್ಯುತ್ತಾರೆ ಅಂತ ಮಗನ ಹತ್ತಿರ ಅತ್ತುಬಿಟ್ಟರು. ಆಮೇಲೆ ಎಣಿಸಲು ಹೋದೆ. ಮೊಣಕಾಲಿನ ಕೆಳಗೆ ನನಗೆ 43 ಚುಕ್ಕೆ ಸಿಕ್ಕರೆ ಜೊತೆಯ ಸಿಸ್ಟರಿಗೆ 60ರ ಹತ್ತಿರ. ಒಂದೇ ಕಾಲು, ಹತ್ತು ನಿಮಿಷದ ಅಂತರ. ಮೊಬೈಲ್ ಫೋಟೋ ಅಂತೂ ಎರಡೇ ದಿನ. ಬೆಳಕು ದಿನಾ ಬೇರೆ, ಮೇಲೆ ರೋಗಿಯ ಮೈ ನನ್ನ ಫೋನಿನಲ್ಲಿ ಇರುವುದು ಸರಿಯೂ ಅಲ್ಲ. ಎಲ್ಲಾ ಅಳಿಸಿದೆ.

ಟಾರ್ಚಿಗೇ ಎಷ್ಟು ಕಳೆದುಕೊಂಡೆ ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಮೊದಲ ಎರಡು ಅಗ್ಗದವು, ನೀಲಿ ಛಾಯೆಯ ಬೆಳಕು. ಆ ಬೆಳಕಿನಲ್ಲಿ ಹೊಸ ಕೆಂಪು ಚುಕ್ಕೆಯೂ ಹಳೇ ಕಂದು ಚುಕ್ಕೆಯೂ ಒಂದೇ ಥರ ಕಾಣುತ್ತವೆ. ಅಂಗುಳಂತೂ ಯಾವಾಗಲೂ ಹೆಣದ ಬಣ್ಣ. ಮೂರನೆಯದು ಸ್ವಲ್ಪ ಹಳದಿ ಬೆಳಕಿನದು, ಮೊದಲೆರಡರ ನಾಲ್ಕು ಪಟ್ಟು ಬೆಲೆ. ಎಲ್ಲಾ ನನ್ನ ಕೈಯಿಂದಲೇ. ಹಾಳೆ ಜೆರಾಕ್ಸ್ ಮಾಡಿಸಲೂ ಆಫೀಸು ಒಪ್ಪಲಿಲ್ಲ. ಮೊದಲ ಆರು ತಿಂಗಳು ಹಳೇ ಊಟದ ಪಟ್ಟಿಗಳ ಖಾಲಿ ಹಿಂಬದಿಯಲ್ಲಿ ಗೆರೆ ಹಾಕಿಕೊಂಡು ನಡೆಸಿದೆ.

ಕೊನೆಗೆ ನಿಂತ ವಿಧಾನ ತುಂಬಾ ಸರಳ. ಇಡೀ ಮೈ ಹುಡುಕುವುದು ಬಿಟ್ಟೆ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ, ಬಾಯಿಯಲ್ಲಿ ಅಂಗುಳು, ಕೆನ್ನೆಯ ಒಳಭಾಗ, ನಾಲಗೆಯ ಅಡಿ, ಬಿಪಿ ಪಟ್ಟಿ ಕಟ್ಟುವ ತೋಳು, ಲೈನ್ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿದ ಜಾಗ, ಓಡಾಡುವವರಿಗೆ ಮೊಣಕಾಲಿನ ಕೆಳಗೆ, ಮಲಗೇ ಇರುವವರಿಗೆ ಸೊಂಟದ ಹಿಂಭಾಗ. ರಕ್ತ ಸೋರಿದರೆ ಮೈಯಲ್ಲಿ ತಗ್ಗಾಗಿರುವ ಕಡೆಯೇ ಮೊದಲು ಕಾಣುವುದು, ಅಲ್ವಾ? ಕಪ್ಪು ಮೈಬಣ್ಣದವರಲ್ಲಿ ಕಾಲಿನ ಚುಕ್ಕೆ ನಂಬಬೇಡಿ, ಅಂಗಾಲು ಮತ್ತು ಅಂಗುಳು ನೋಡಿ. ಅನುಮಾನ ಬಂದರೆ ಪಾರದರ್ಶಕ ಸ್ಕೇಲ್ ಒತ್ತಿ ನೋಡುತ್ತೇನೆ. ಬಣ್ಣ ಮಾಯವಾದರೆ ಅದು ಗಂದೆಯ ಥರದ್ದು. ಮಾಯವಾಗದಿದ್ದರೆ ರಕ್ತ ಹೊರಗೆ ಬಂದಿದೆ.

ಅಂಕ 0ರಿಂದ 3. ಏನೂ ಇಲ್ಲದಿದ್ದರೆ 0, ಹಳೇ ಚುಕ್ಕೆ ಮಾತ್ರ ಇದ್ದರೆ 1, ನಿನ್ನೆ ಇಲ್ಲದ ಹೊಸದು ಕಂಡರೆ 2. ಬಾಯಲ್ಲಿ ಗುಳ್ಳೆ, ವಸಡಿನಲ್ಲಿ ಜಿನುಗು, ಹೀಗೆ ಎಲ್ಲೇ ಒದ್ದೆ ರಕ್ತ ಕಂಡರೆ 3. ಮೂರಕ್ಕೆ ರಿಪೋರ್ಟ್ ಏನೇ ಹೇಳಲಿ, ಫೋನ್ ಎತ್ತಬೇಕು. ಜೊತೆಗೆ ಎರಡು ಪ್ರಶ್ನೆ. ತಲೆನೋವು ಇದೆಯಾ? ಎದ್ದಾಗ ದಿಂಬಿನ ಮೇಲೆ ಕಲೆ ಇತ್ತಾ? ದಿಂಬಿನ ಪ್ರಶ್ನೆ ನನ್ನ ಸ್ವಂತದ್ದು. ವಸಡು ರಾತ್ರಿ ಜಿನುಗಿದ್ದನ್ನು ರೋಗಿ ಮರೆಯುತ್ತಾನೆ, ದಿಂಬು ಮರೆಯುವುದಿಲ್ಲ. ಒಬ್ಬರಿಗೆ ಎರಡೂವರೆ ನಿಮಿಷ ಸಾಕು. ಚಿಕ್ಕ ಮಕ್ಕಳ ಬಾಯಿ ಹೇಗೆ ತೆರೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನಮ್ಮ ವಾರ್ಡಿನಲ್ಲೂ ಇಬ್ಬರಿಗೇ ಗೊತ್ತು.

ಮೊದಲು ಉಪಯೋಗಕ್ಕೆ ಬಂದದ್ದು ಉಲ್ಟಾ ರೀತಿಯಲ್ಲಿ. ಹೊಸದಾಗಿ ಸೇರಿದ ಒಬ್ಬ ರೋಗಿಗೆ ಪ್ಲೇಟ್‌ಲೆಟ್ 12,000 ಅಂತ, ತೀರಾ ಕಡಿಮೆ ಬಂತು. ಪ್ಲೇಟ್‌ಲೆಟ್ ಬ್ಯಾಗಿಗೆ ಚೀಟಿ ಬರೆದಾಗಿದೆ, ಮನೆಯವರು ದುಡ್ಡು ಹೊಂದಿಸಲು ಓಡಾಡುತ್ತಿದ್ದಾರೆ. ನನ್ನ ಹಾಳೆಯಲ್ಲಿ ಎಲ್ಲಾ ಕಡೆ 0. ತೋಳಿಗೆ ಮೂರು ಸಲ ಬಿಪಿ ಪಟ್ಟಿ ಕಟ್ಟಿದ್ದರೂ ಒಂದು ಚುಕ್ಕೆ ಇಲ್ಲ. ಇದು ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಗಂಟು ಕಟ್ಟಿ, ಯಂತ್ರ ಕಡಿಮೆ ಎಣಿಸಿದ ಕೇಸ್ ಇರಬಹುದು, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಇನ್ನೊಮ್ಮೆ ಕಳಿಸೋಣ ಅಂದೆ. ಡಾಕ್ಟರ್ ಮುಖ ಗಂಟಿಕ್ಕಿದರೂ ಒಪ್ಪಿದರು. ಬಂದದ್ದು 1,40,000ದ ಆಸುಪಾಸು. ಸಿಟ್ರೇಟಿನ ನೀರಂಶಕ್ಕೆ 1.1ರಿಂದ ಗುಣಿಸಿದರೆ ಇನ್ನೂ ಜಾಸ್ತಿ. ಬ್ಯಾಗ್ ರದ್ದಾಯಿತು. ಅವರ ಮನೆಯವರು ಟಾರ್ಚಿಗೆ ಒಂದು ವರ್ಷದ ಬ್ಯಾಟರಿ ಕೊಡಿಸುತ್ತೇವೆ ಅಂದರು, ಬೇಡ ಅಂದೆ. ಈಗ ಅನ್ನಿಸುತ್ತದೆ, ತಗೋಬಹುದಿತ್ತು.

ಆದರೂ ಯಾರೂ ಪೂರ್ತಿ ನಂಬಲಿಲ್ಲ. ಒಂದು ಸಲ ಅದೃಷ್ಟ ಅಂದರು. ಬಾಯಿ ಮುಚ್ಚಿಸಿದ್ದು ಅಕ್ಯೂಟ್ ಲ್ಯುಕೀಮಿಯಾದ (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಒಬ್ಬ ಮೇಷ್ಟ್ರ ಕೇಸ್. ಬಿಳಿ ಕಣ ವಿಪರೀತ ಏರಿತ್ತು. ಬೆಳಗಿನ ಪ್ಲೇಟ್‌ಲೆಟ್ 34,000. ಪ್ಲೇಟ್‌ಲೆಟ್ ಬ್ಯಾಗ್ ಏರಿಸುವ ಹತ್ತು ಸಾವಿರದ ಗೆರೆಗಿಂತ ಎಷ್ಟೋ ಮೇಲೆ, ಹಾಗಾಗಿ ಯಾರಿಗೂ ಚಿಂತೆ ಇಲ್ಲ. ರಾತ್ರಿ ಹತ್ತಕ್ಕೆ ನಾನು ನೋಡಿದರೆ ಅಂಗುಳಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ, ಎಡಗೆನ್ನೆಯ ಒಳಗೆ ಎರಡು ಗುಳ್ಳೆ. ದಿಂಬಿನ ಮೂಲೆಯಲ್ಲಿ ನಾಣ್ಯದಗಲ ಕಲೆ. ಅಂಕ 3. ಫೋನ್ ಮಾಡಿದೆ. "34 ಸಾವಿರ ಇದೆಯಲ್ಲ ಸಿಸ್ಟರ್, ಬೆಳಿಗ್ಗೆ ನೋಡೋಣ." ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಯಂತ್ರದ ಎಣಿಕೆ ಬಿಟ್ಟು ರಕ್ತದ ಸ್ಲೈಡ್ ಒಂದನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಿಂದ ನೋಡಿಸಿ, ತಪ್ಪಾದರೆ ಇನ್ನು ಟಾರ್ಚ್ ಮುಟ್ಟುವುದಿಲ್ಲ ಅಂದೆ. ಅದು ಸ್ವಲ್ಪ ಜಾಸ್ತಿಯೇ ಆಯಿತು, ಗೊತ್ತು.

ಲ್ಯಾಬಿನವರು ಸ್ಲೈಡ್ ನೋಡಿ ಅವರೇ ಫೋನ್ ಮಾಡಿದರು. ಮೈಕ್ರೋಸ್ಕೋಪಿನ ಆಯಿಲ್ ಲೆನ್ಸಿನಲ್ಲಿ ಎರಡು ಫೀಲ್ಡಿಗೆ (ಒಂದು ಸಲಕ್ಕೆ ಕಾಣುವ ಜಾಗ) ಒಂದು ಪ್ಲೇಟ್‌ಲೆಟ್ ಸಿಕ್ಕರೆ ಹೆಚ್ಚು. ಒಂದು ಫೀಲ್ಡಿಗೆ ಒಂದು ಅಂದರೆ ಅಂದಾಜು 15ರಿಂದ 20 ಸಾವಿರ, ಲೆಕ್ಕ ನೀವೇ ಹಾಕಿ. ಒಡೆದ ಬಿಳಿ ಕಣಗಳ ಚೂರುಗಳನ್ನು ಯಂತ್ರ ಪ್ಲೇಟ್‌ಲೆಟ್ ಅಂತ ಎಣಿಸಿತ್ತು. ರಾತ್ರಿ ಒಂದೂವರೆಗೆ ಬ್ಯಾಗ್ ಏರಿಸಿದೆವು. ಆ ಮೇಷ್ಟ್ರು ಬೆಳಿಗ್ಗೆ ತಮ್ಮ ದಿಂಬನ್ನು ತಾವೇ ತಿರುಗಿಸಿ ತೋರಿಸಿದರು, ಹೊಸ ಕಲೆ ಇರಲಿಲ್ಲ. ಇಲ್ಲೊಂದು ಎಚ್ಚರಿಕೆ. ಪ್ಲೇಟ್‌ಲೆಟ್ ಕೊಟ್ಟ ತಕ್ಷಣ ಹಳೇ ಚುಕ್ಕೆ ಹೋಗುವುದಿಲ್ಲ, ದಿನಗಟ್ಟಲೆ ಕಂದಾಗುತ್ತಾ ಇರುತ್ತದೆ. ನೋಡಬೇಕಾದ್ದು ಹೊಸದು ಬಂತಾ ಅನ್ನುವುದನ್ನು ಮಾತ್ರ.

ಟಾರ್ಚ್ ಹಿಡಿದ ಮೇಲೆ ಕೈ ಸುಮ್ಮನಿರಲಿಲ್ಲ. ಬಿಪಿ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಹಿಂಡಿದರೆ ತೋಳಿನಲ್ಲಿ ಚುಕ್ಕೆ ನಾವೇ ಮಾಡಿದಂತೆ. ಈಗ ರಕ್ತ ಏರಿಸುವಾಗ ತೋಳು ಬದಲಿಸುತ್ತೇವೆ. ಮುಟ್ಟಾದ ಹೆಣ್ಣುಮಕ್ಕಳ ಪ್ಯಾಡ್ ತೂಗಿ ನೋಡಿದೆ, ಒಂದು ಗ್ರಾಂ ಅಂದರೆ ಸುಮಾರು ಒಂದು ಎಂಎಲ್. ಲೆಕ್ಕ ಚೆನ್ನಾಗಿ ಬರುತ್ತದೆ, ಆದರೆ ತೂಗಲು ಯಾರಿಗೂ ಮನಸ್ಸಿಲ್ಲ. ಬಿಟ್ಟೆ. ಇನ್ನೊಂದು ಲೆಕ್ಕ ನನ್ನನ್ನೇ ಬೆಚ್ಚಿಬೀಳಿಸಿತು. ಒಬ್ಬ ರೋಗಿಯಿಂದ ನಾವು ತೆಗೆಯುವ ರಕ್ತವನ್ನು ಒಂದು ವಾರ ಕೂಡಿಸಿದೆ. ಪ್ರತಿ ಸಲ ಲೈನಿನಿಂದ ತೆಗೆದು ಚೆಲ್ಲುವ ಮೊದಲ 5 ಎಂಎಲ್ ಸೇರಿ ಹತ್ತಿರ ಹತ್ತಿರ 250 ಎಂಎಲ್ ಆಯಿತು. ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ಬ್ಯಾಗ್ ಏರಿಸುತ್ತಿದ್ದೆವು! ಈಗ ಪರೀಕ್ಷೆಗಳನ್ನು ಒಟ್ಟುಗೂಡಿಸಿ, ಮಕ್ಕಳ ಸಣ್ಣ ಟ್ಯೂಬಿನಲ್ಲಿ ಕಳಿಸುತ್ತೇವೆ. ಅದಕ್ಕೂ ಲ್ಯಾಬಿನ ಜೊತೆ ಒಂದು ಜಗಳ ಆಯಿತು.

ಲೈನಿನ ಜಾಗ ನೋಡುವುದರಿಂದ ಬೇರೆ ಲಾಭವೂ ಇದೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳಾದ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿದವರಲ್ಲಿ ಸಾಮಾನ್ಯವಾಗಿ ಕೀವು ಕಟ್ಟುವುದಿಲ್ಲ, ಕಟ್ಟಲು ಕಣಗಳೇ ಇಲ್ಲ. ಬೆರಳಗಲ ಕೆಂಪು, ಮುಟ್ಟಿದರೆ ನೋವು, ಅಷ್ಟೇ ಸುಳಿವು. ಹಾಗೆ ಕಂಡ ಇಬ್ಬರಿಗೆ ಕೆಲವೇ ಗಂಟೆಯಲ್ಲಿ 38.3 ಡಿಗ್ರಿ ಸೆಲ್ಸಿಯಸ್ ಜ್ವರ ಬಂತು. ಮೊದಲೇ ಹೇಳಿಟ್ಟಿದ್ದರಿಂದ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಹೋಯಿತು.

ವರ್ಷಕ್ಕೆ ಬೇಡದ ಬ್ಯಾಗು ಆರೋ ಏಳೋ ಉಳಿದಿರಬಹುದು, ನೆನಪಿನಿಂದ ಹೇಳುತ್ತಿದ್ದೇನೆ. ತಪ್ಪಿಸಿಕೊಂಡವೂ ಇವೆ. ಒಬ್ಬ ತಾತನಿಗೆ ಮೂರು ರಾತ್ರಿ ಸತತವಾಗಿ ಬಾಯಿ 0 ಅಂತ ಬರೆದೆ. ದಿಂಬಿನ ಮೇಲೆ ಮಾತ್ರ ದಿನಾ ಸಣ್ಣ ಕಲೆ. ಮೂಗು ನೋಡಿದೆ, ಕಿವಿ ನೋಡಿದೆ, ದಿಂಬೇ ಬದಲಿಸಿದೆ. ನಾಲ್ಕನೇ ರಾತ್ರಿ ತಾತ ನೀರು ಕುಡಿಯಲು ಹಲ್ಲುಸೆಟ್ಟು ತೆಗೆದು ಲೋಟದೊಳಗೆ ಹಾಕಿದರು. ಸೆಟ್ಟಿನ ಅಡಿಯಲ್ಲಿ ಇಡೀ ಅಂಗುಳು ಕೆಂಪಗೆ ಜಿನುಗುತ್ತಿತ್ತು, ಲೋಟದ ನೀರು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಈಗ ಹಾಳೆಯ ಮೇಲ್ಭಾಗದಲ್ಲೇ ಸೆಟ್ಟಿಗೆ ಬೇರೆ ಚೌಕ ಇದೆ. ತೆಗೆಸಿ ನೋಡದಿದ್ದರೆ 0 ಬರೆಯುವ ಹಾಗಿಲ್ಲ, ಖಾಲಿ ಬಿಡಬೇಕು.